ಗೋಡೆಯ ಮೇಲೆ ಕಪ್ಪು ಬೂಷ್ಟು

ಮೊದಲು ಈ ಪದ ಓದಿ: ಬೂಷ್ಟು. ‘ಷ’ ಅಕ್ಷರಕ್ಕೆ ‘ಟ’ ಒತ್ತು. ನಮ್ಮ ಕಡೆ ತಮಿಳಿನಲ್ಲಿ ಇದನ್ನೇ ಪೂಸಣಂ ಅಂತಾರೆ. ಹಳೆಯ ಉಪ್ಪಿನಕಾಯಿ ಮೇಲೆ ಬರುವುದೂ ಇದರ ಜಾತಿಯೇ.

ಕರುಮತ್ತಂಪಟ್ಟಿಯಲ್ಲಿ ಒಂದು ಲೈನ್ ಮನೆ ಎಂದುಕೊಳ್ಳಿ. ಗಂಡ ಹೆಂಡತಿ ಇಬ್ಬರೂ ಪವರ್‌ಲೂಮ್ ಕೆಲಸಕ್ಕೆ ಹೋಗುತ್ತಾರೆ. ಐಪ್ಪಸಿ ಮಳೆ ಹಿಡಿದಿದೆ. ದೀಪಾವಳಿಗೆ ಮನೆ ಗುಡಿಸಲು ಬೀರು ಸರಿಸಿದರೆ ಹಿಂದಿನ ಗೋಡೆಯೆಲ್ಲ ಕಪ್ಪು ಕಪ್ಪು ಚುಕ್ಕೆ. ಮುಗ್ಗಲು ವಾಸನೆ.

“ಅಕ್ಕಾ, ಸುಣ್ಣ ಹೊಡೆದುಬಿಡೋಣ. ಹಬ್ಬ ಬಂತು” ಅಂದಳು ತಂಗಿ.

“ಹೋದ ವರ್ಷವೂ ಹೊಡೆದೆ. ಮತ್ತೆ ಬಂತಲ್ಲ!”

ಪಕ್ಕದ ಮನೆ ಅಜ್ಜಿ ಹಿಂದೆ ಕುಳಿಮಗ್ಗದಲ್ಲಿ ನೇಯ್ದವರು. ಅವರು ಕೇಳಿದರು: “ನೂಲಿಗೆ ಗಂಜಿ ಹಾಕಿ, ಒಣಗಿಸದೆ ಸುತ್ತಿಟ್ಟರೆ ಏನಾಗ್ತದೆ?”

“ಬೂಷ್ಟು ಹಿಡೀತದೆ.”

“ಗೋಡೆಯೂ ಹಂಗೇ ಕಣವ್ವ. ಒಣಗಿಸದೆ ಮುಚ್ಚಬಾರದು.”

ಅಜ್ಜಿ ಹೇಳಿದ್ದು ಸರಿ. ಬೂಷ್ಟಿನ ಬೀಜ ಕಣ್ಣಿಗೆ ಕಾಣದಷ್ಟು ಸಣ್ಣದು. ಅದು ಗಾಳಿಯಲ್ಲಿ ಎಲ್ಲ ಕಡೆ ಇರುತ್ತದೆ. ಅದನ್ನು ತಡೆಯಲು ಆಗದು. ಅದಕ್ಕೆ ಊಟ ಬೇಕು, ನೀರು ಬೇಕು. ಗಂಜಿ, ಮರ, ಕಾಗದ, ಬಟ್ಟೆ, ಗೋಡೆಗೆ ಹತ್ತಿದ ಧೂಳು, ಎಲ್ಲವೂ ಅದಕ್ಕೆ ಊಟ. ಊಟ ತಪ್ಪಿಸುವುದು ಕಷ್ಟ. ನೀರು ತಪ್ಪಿಸಬಹುದು. ಒದ್ದೆಯಾದದ್ದನ್ನು ಒಂದೆರಡು ದಿನದೊಳಗೆ ಒಣಗಿಸಿದರೆ ಬೂಷ್ಟು ಸಾಮಾನ್ಯವಾಗಿ ಬೆಳೆಯುವುದಿಲ್ಲ.

ಕಪ್ಪಾಗಿರುವುದೆಲ್ಲ ಬೂಷ್ಟಲ್ಲ. ಒಲೆಯ ಮಸಿಯೂ ಕಪ್ಪೇ. ಬ್ಲೀಚಿಂಗ್ ಪೌಡರ್ ಕಲಸಿದ ನೀರನ್ನು ಒಂದು ತೊಟ್ಟು ಹಾಕಿ ನೋಡಿ. ಒಂದೆರಡು ನಿಮಿಷದಲ್ಲಿ ಬಣ್ಣ ತಿಳಿಯಾದರೆ ಅದು ಬೂಷ್ಟು ಇರಬಹುದು. ಮಸಿಯಾದರೆ ಹಾಗೇ ಉಳಿಯುತ್ತದೆ. ಗೋಡೆಯಲ್ಲಿ ಬಿಳಿ ಪುಡಿ ಎದ್ದಿದ್ದರೆ ಅದು ಉಪ್ಪು. ನೀರಿನಲ್ಲಿ ಕರಗುತ್ತದೆ. ಅದು ಬೂಷ್ಟಲ್ಲ, ಆದರೆ ಗೋಡೆಯೊಳಗೆ ನೀರಿದೆ ಎಂದು ಅದೂ ಹೇಳುತ್ತದೆ.

ನೀರು ಎಲ್ಲಿಂದ ಬಂತು? ಇದನ್ನು ಕಂಡುಹಿಡಿಯುವುದೇ ಮುಖ್ಯ ಕೆಲಸ. ಕಪ್ಪು ಮೇಲಿನಿಂದ ಇಳಿದಿದ್ದರೆ ಮಾಳಿಗೆ ಸೋರುತ್ತಿದೆ. ನೆಲದಿಂದ ಮೇಲಕ್ಕೆ ಹತ್ತಿದ್ದರೆ ಮಣ್ಣಿನ ತೇವ. ಬಚ್ಚಲ ಪಕ್ಕದ ಗೋಡೆಯಾದರೆ ಪೈಪು ನೋಡಿ. ಬೀರುವಿನ ಹಿಂದೆ ಮಾತ್ರ ಇದ್ದರೆ ಗಾಳಿ ಸಾಲದು. ಬೀರುವನ್ನು ಗೋಡೆಯಿಂದ ಒಂದು ಗೇಣು ದೂರ ಇಡಿ.

ಆದರೂ ಗೊತ್ತಾಗಲಿಲ್ಲವೇ? ಒಂದು ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ, ನಾಲ್ಕು ಅಂಚಿಗೂ ಟೇಪು ಅಂಟಿಸಿ. ಎರಡು ದಿನ ಬಿಡಿ. ಹಾಳೆಯ ಹಿಂದೆ, ಗೋಡೆ ಕಡೆ ಹನಿ ಕಂಡರೆ ನೀರು ಗೋಡೆಯಿಂದ ಬರುತ್ತಿದೆ. ಹಾಳೆಯ ಮುಂದೆ, ನಿಮ್ಮ ಕಡೆ ಹನಿ ಕಂಡರೆ ಅದು ಮನೆಯೊಳಗಿನ ಆವಿ. ಅನ್ನ ಬೇಯಿಸಿದ ಆವಿ, ಒಳಗೆ ಒಣಗಹಾಕಿದ ಬಟ್ಟೆಯ ಆವಿ. ಆಗ ಕಿಟಕಿ ತೆಗೆಯುವುದೇ ಮದ್ದು.

ನೀರು ನಿಂತ ಮೇಲೆ ತೊಳೆಯಿರಿ. ಮೂರಡಿ ಉದ್ದ, ಮೂರಡಿ ಅಗಲದ ಒಳಗೆ ಇದ್ದರೆ ನಾವೇ ತೊಳೆಯಬಹುದು. ಮಕ್ಕಳನ್ನು, ಉಬ್ಬಸ ಇರುವವರನ್ನು ಹೊರಗೆ ಕಳಿಸಿ. ಮೂಗಿಗೆ ಮಾಸ್ಕ್, ಕೈಗೆ ರಬ್ಬರ್ ಗ್ಲೌಸ್ ಹಾಕಿ. ಒಣ ಪೊರಕೆಯಿಂದ ಕೆರೆಯಬೇಡಿ, ಪುಡಿ ಹಾರುತ್ತದೆ. ಮೊದಲು ನೀರು ಚಿಮುಕಿಸಿ, ಸೋಪಿನ ನೀರಿನಲ್ಲಿ ಉಜ್ಜಿ, ಒರೆಸಿ, ಚೆನ್ನಾಗಿ ಒಣಗಿಸಿ. ಬೂಷ್ಟು ಹಿಡಿದ ದಿಂಬು, ಹಾಸಿಗೆ ಎಸೆಯಬೇಕಾಗುತ್ತದೆ. ಹೊಟ್ಟೆ ಉರಿಯುತ್ತದೆ, ಏನು ಮಾಡುವುದು! ಸುಣ್ಣ ಒಳ್ಳೆಯದೇ, ಆದರೆ ಗೋಡೆ ಒಣಗಿದ ಮೇಲೆ.

ಎಚ್ಚರ: ಬ್ಲೀಚಿಂಗ್ ಪೌಡರ್ ಜೊತೆ ಬಾತ್‌ರೂಮ್ ಆಸಿಡ್ ಸೇರಿಸಬೇಡಿ. ವಿಷದ ಗಾಳಿ ಏಳುತ್ತದೆ.

ಇಂಗ್ಲೆಂಡಿನ ರೋಚ್‌ಡೇಲ್ ಎಂಬ ಊರಿನಲ್ಲಿ ಒಂದು ಬಾಡಿಗೆ ಮನೆಯ ತುಂಬ ಬೂಷ್ಟು. ಮನೆಯವರು ದೂರು ಹೇಳಿದರು. ಮೇಲೆ ಬಣ್ಣ ಹೊಡೆಯಿರಿ ಎಂಬ ಉತ್ತರ ಬಂತು. 2020ರ ಡಿಸೆಂಬರಿನಲ್ಲಿ ಆ ಮನೆಯ ಎರಡು ವರ್ಷದ ಮಗು ಉಸಿರಾಟದ ತೊಂದರೆಯಿಂದ ಸತ್ತಿತು. ಬೂಷ್ಟೇ ಕಾರಣ ಎಂದು 2022ರಲ್ಲಿ ವಿಚಾರಣೆ ಹೇಳಿತು. 2023ರಲ್ಲಿ ಆ ಮಗುವಿನ ಹೆಸರಿನಲ್ಲೇ ಅಲ್ಲಿ ಕಾನೂನು ಬಂತು.

ಹೆದರಿಸಲು ಇದನ್ನು ಬರೆದಿಲ್ಲ. ಹೆಚ್ಚಿನವರಿಗೆ ಬೂಷ್ಟಿನಿಂದ ಸೀನು, ಮೂಗು ಕಟ್ಟುವುದು, ಕಣ್ಣುರಿ, ಕೆಮ್ಮು, ಇಷ್ಟೇ. ಉಬ್ಬಸ ಇದ್ದವರಿಗೆ ಉಬ್ಬಸ ಹೆಚ್ಚುತ್ತದೆ. ಮಗುವಿಗೆ ಏದುಸಿರು ಬಂದರೆ ತಡಮಾಡದೆ ಡಾಕ್ಟರ ಹತ್ತಿರ ಹೋಗಿ. ಹಾಗಂತ ಎಲ್ಲ ಕೆಮ್ಮಿಗೂ ಗೋಡೆಯನ್ನೇ ಬೈಯುತ್ತಾ ಕೂರಬೇಡಿ. ಎರಡು ವಾರ ದಾಟಿದ ಕೆಮ್ಮಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ. ಅದು ಕ್ಷಯ ಇರಬಹುದು. ಪರೀಕ್ಷೆಗೆ ದುಡ್ಡಿಲ್ಲ.

ಇನ್ನು ಮಾಳಿಗೆ ಸೋರಿದರೆ ಬಾಡಿಗೆದಾರರು ಏನು ಮಾಡಬೇಕು? ತಮಿಳುನಾಡಿನ 2017ರ ಬಾಡಿಗೆ ಕಾಯ್ದೆ 2019ರಿಂದ ಜಾರಿಯಲ್ಲಿದೆ. ಬಾಡಿಗೆದಾರರು ಹಾಳು ಮಾಡಿದ್ದಲ್ಲದಿದ್ದರೆ, ಒಪ್ಪಂದದಲ್ಲಿ ಬೇರೆ ರೀತಿ ಬರೆದಿರದಿದ್ದರೆ, ಕಟ್ಟಡದ ರಿಪೇರಿ ಮಾಲೀಕರ ಕೆಲಸ. ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತದೆ. ಈಗ ನಿಮಗೆ ಬರೆಯಲು ಬರುತ್ತದಲ್ಲ, ಬರೆದು ಕೊಡಿ. ಮಾಲೀಕರಿಗೆ ಕನ್ನಡ ಬಾರದಿದ್ದರೆ ಮಕ್ಕಳ ಕೈಯಲ್ಲಿ ತಮಿಳಿನಲ್ಲಿ ಬರೆಸಿ.

ಓದಿ, ನೋಡಿ ಬರೆಯಿರಿ:

ಮನೆ ಮಾಲೀಕರಿಗೆ ನಮಸ್ಕಾರ. ನಮ್ಮ ಮನೆಯ ಮಾಳಿಗೆ ಸೋರುತ್ತಿದೆ. ಗೋಡೆಗೆ ಕಪ್ಪು ಬೂಷ್ಟು ಬಂದಿದೆ. ಮಗುವಿಗೆ ಕೆಮ್ಮು ಇದೆ. ದಯವಿಟ್ಟು ಬಂದು ನೋಡಿ, ಮುಂದಿನ ಮಳೆಗೆ ಮೊದಲು ರಿಪೇರಿ ಮಾಡಿಸಿಕೊಡಿ.

ಕೆಳಗೆ ತಾರೀಕು ಹಾಕಿ, ಸಹಿ ಮಾಡಿ. ಹೆಬ್ಬೆಟ್ಟು ಬೇಡ. ಒಂದು ನಕಲು ನಿಮ್ಮ ಹತ್ತಿರ ಇರಲಿ.