ರಾಗಿ ಮೊಳೆತಾಗ ಕಾಳಿನೊಳಗೆ ಏನಾಗುತ್ತದೆ?



ನಮ್ಮ ಮನೆಯಲ್ಲಿ ಎಂಟು ತಿಂಗಳ ತಮ್ಮ ಇದ್ದಾನೆ. ಹೋದ ತಿಂಗಳು ಅಂಗನವಾಡಿಯಲ್ಲಿ ತೂಕ ಹಾಕಿದಾಗ ಅವನ ತೂಕ ಏರಿರಲಿಲ್ಲ. ರಾಗಿ ಗಂಜಿ ಗಟ್ಟಿಯಾದರೆ ಉಗಿಯುತ್ತಿದ್ದ. ಅವ್ವ ನೀರು ಬೆರೆಸಿ ತೆಳ್ಳಗೆ ಮಾಡಿದರೆ ಕುಡಿಯುತ್ತಿದ್ದ, ಆದರೆ ಹೊಟ್ಟೆಗೆ ಹೋಗುತ್ತಿದ್ದುದು ಬರೀ ನೀರು. ಆಗ ಅಜ್ಜಿ, "ರಾಗಿ ಮೊಳಕೆ ಕಟ್ಟಿ ಹಿಟ್ಟು ಮಾಡ್ಕೊಡ್ತೀನಿ, ಸುಮ್ನಿರವ್ವ" ಅಂದರು.

ಅಜ್ಜಿ ರಾಗಿಯನ್ನು ತೊಳೆದು ಒಂದು ರಾತ್ರಿ ನೆನೆಹಾಕಿದರು. ನೀರು ಬಸಿದು ಬಟ್ಟೆಯಲ್ಲಿ ಗಂಟು ಕಟ್ಟಿದರು. ಎರಡು ದಿನಕ್ಕೆ ಬೆಳ್ಳಗೆ ಮೊಳಕೆ ಬಂತು. ಒಣಗಿಸಿ, ಮೊಳಕೆ ಉಜ್ಜಿ ಕೇರಿ, ಹದವಾಗಿ ಹುರಿದು ಬೀಸಿದರು.

ಇದರಿಂದ ಏನಾಯಿತು? ನಮ್ಮ ಮೇಷ್ಟ್ರನ್ನು ಕೇಳಿ ತಿಳಿದುಕೊಂಡೆ.

ರಾಗಿ ಕಾಳಿನಲ್ಲಿ ಹೆಚ್ಚಿಗೆ ಇರುವುದು ಪಿಷ್ಟ. ಅದು ಎಳೆ ಸಸಿಯ ಬುತ್ತಿ. ಆದರೆ ಪಿಷ್ಟ ತಣ್ಣೀರಲ್ಲಿ ಕರಗುವುದಿಲ್ಲ, ಸಸಿ ಅದನ್ನು ಹಾಗೇ ಉಣ್ಣಲಾರದು. ಕಾಳು ನೀರು ಕುಡಿದ ಮೇಲೆ ಒಳಗಿನ ಭ್ರೂಣ ಎಚ್ಚರಗೊಂಡು ಜಿಬ್ಬರೆಲಿನ್ ಎಂಬ ಹಾರ್ಮೋನು ಕಳಿಸುತ್ತದೆ. ಆಗ ಸಿಪ್ಪೆಯ ಒಳಗಿರುವ ಪದರದ ಜೀವಕೋಶಗಳು ಅಮೈಲೇಸ್ ಎಂಬ ಕಿಣ್ವ ತಯಾರಿಸುತ್ತವೆ. ಅದು ಪಿಷ್ಟದ ಉದ್ದ ಸರಪಳಿಯನ್ನು ತುಂಡರಿಸಿ ಮಾಲ್ಟೋಸ್ ಎಂಬ ಸಕ್ಕರೆ ಮಾಡುತ್ತದೆ. ಆದ್ದರಿಂದಲೇ ಮೊಳಕೆ ಹಿಟ್ಟು ಸ್ವಲ್ಪ ಸಿಹಿ. ನಮ್ಮ ಎಂಜಲಿನಲ್ಲೂ ಅಮೈಲೇಸ್ ಇದೆ. ರೊಟ್ಟಿ ತುಂಬಾ ಹೊತ್ತು ಅಗಿದರೆ ಸಿಹಿಯಾಗುವುದು ಅದಕ್ಕೇ.

ಮೊಳಕೆ ಗಂಟಿನೊಳಗೆ ಕೈಯಿಟ್ಟರೆ ಬೆಚ್ಚಗಿರುತ್ತದೆ. ಸಸಿ ಉಸಿರಾಡಿ ಸಕ್ಕರೆಯನ್ನು ಖರ್ಚು ಮಾಡುತ್ತಿರುತ್ತದೆ. ಹೆಚ್ಚು ದಿನ ಬಿಟ್ಟರೆ ಬುತ್ತಿಯನ್ನೆಲ್ಲ ಅದೇ ಉಂಡುಬಿಡುತ್ತದೆ!

ನಾನು ಮಾಡಿದ ಪ್ರಯೋಗ: ಎರಡು ಲೋಟದಲ್ಲಿ ಬಿಸಿಬಿಸಿ ಗಟ್ಟಿ ಗಂಜಿ ತೆಗೆದುಕೊಂಡೆ. ಒಂದಕ್ಕೆ ಹುರಿಯದ ಮೊಳಕೆ ಹಿಟ್ಟು ಒಂದು ಚಮಚ, ಇನ್ನೊಂದಕ್ಕೆ ಬರೀ ರಾಗಿ ಹಿಟ್ಟು ಒಂದು ಚಮಚ ಹಾಕಿ ಕಲಸಿದೆ. ಹತ್ತು ನಿಮಿಷದಲ್ಲಿ ಮೊದಲನೆಯದು ಮಜ್ಜಿಗೆಯಂತೆ ಸುರಿಯಿತು. ಎರಡನೆಯದು ಅಲ್ಲಾಡಲಿಲ್ಲ.

ಅಂದರೆ ಮೊಳಕೆ ಹಿಟ್ಟನ್ನು ಜಾಸ್ತಿ ಹಾಕಿದರೂ ಗಂಜಿ ತೆಳ್ಳಗೇ ಇರುತ್ತದೆ. ಅದೇ ಬಟ್ಟಲಿನಲ್ಲಿ ಮಗುವಿಗೆ ಹೆಚ್ಚು ಆಹಾರ ಸಿಗುತ್ತದೆ.

ಎಚ್ಚರಿಕೆ: ಮೊಳಕೆಗೆ ಬೂಷ್ಟು ಬಂದರೆ ಎಸೆಯಿರಿ. ಮಗುವಿಗೆ ಕೊಡುವ ಗಂಜಿಯನ್ನು ಚೆನ್ನಾಗಿ ಕುದಿಸಿ.

ಈಗ ತಮ್ಮ ಬಟ್ಟಲು ಖಾಲಿ ಮಾಡುತ್ತಾನೆ. ಬರುವ ವಾರ ಮತ್ತೆ ತೂಕ ಹಾಕಿಸಬೇಕು. ಎಷ್ಟು ಬಂತೆಂದು ಮುಂದಿನ ಸಂಚಿಕೆಯಲ್ಲಿ ಬರೆಯುತ್ತೇನೆ.

– 7ನೇ ತರಗತಿ ವಿದ್ಯಾರ್ಥಿನಿ