ನೆರವು, ಬಂಡವಾಳ, ವ್ಯಾಪಾರ: ಬಾಂಗ್ಲಾದೇಶದ ಅನುಭವ

ಅನಿವಾಸಿಗಳು ಕಳುಹಿಸುವ ಹಣವನ್ನು ಬಿಟ್ಟರೆ, ಅಭಿವೃದ್ಧಿಶೀಲ ರಾಷ್ಟ್ರವೊಂದಕ್ಕೆ ವಿದೇಶಿ ವಿನಿಮಯವು ಮುಖ್ಯವಾಗಿ ಮೂರು ಮಾರ್ಗಗಳಿಂದ ಒದಗುತ್ತದೆ: ನೆರವು, ನೇರ ಬಂಡವಾಳ ಹಾಗೂ ರಫ್ತು. ಲೆಕ್ಕಪತ್ರದ ದೃಷ್ಟಿಯಿಂದ ಇವು ಮೂರೂ ಒಂದೇ ಅಲ್ಲ. ಸಾಲರೂಪದ ನೆರವನ್ನು, ಯೋಜನೆ ಫಲ ನೀಡಲಿ ಬಿಡಲಿ, ವಿದೇಶಿ ನಾಣ್ಯದಲ್ಲಿಯೇ ಮರುಪಾವತಿ ಮಾಡಬೇಕು. ನೇರ ಬಂಡವಾಳಕ್ಕೆ ಲಾಭಾಂಶ ಸಲ್ಲುವುದು ಲಾಭ ಬಂದಾಗ ಮಾತ್ರ. ನಷ್ಟದ ಹೊಣೆ ಹೂಡಿಕೆದಾರನದು. ರಫ್ತಿನ ಗಳಿಕೆಯಾದರೋ ಮಾರಿದ ಸರಕಿನ ಬೆಲೆ. ಅದನ್ನು ಯಾರಿಗೂ ಹಿಂದಿರುಗಿಸಬೇಕಾಗಿಲ್ಲ. ಈ ವ್ಯತ್ಯಾಸವನ್ನು ತಿಳಿಯಲು ನೆರೆಯ ಬಾಂಗ್ಲಾದೇಶದ ಅನುಭವ ಉತ್ತಮ ನಿದರ್ಶನವಾಗಿದೆ.

ಆರಂಭದ ಹೆಜ್ಜೆ

1971ರಲ್ಲಿ ಉದಯಿಸಿದ ಬಾಂಗ್ಲಾದೇಶವು ಯುದ್ಧದ ಹಾನಿ ಹಾಗೂ 1974ರ ಕ್ಷಾಮದಿಂದ ತತ್ತರಿಸಿ, ವಿದೇಶಿ ನೆರವನ್ನೇ ಬಹುವಾಗಿ ಅವಲಂಬಿಸಿತ್ತು. ಆಗ ಅದರ ಪ್ರಮುಖ ರಫ್ತು ಸೆಣಬು. ಇತ್ತ 1974ರ ಮಲ್ಟಿ ಫೈಬರ್ ಒಪ್ಪಂದವು ದಕ್ಷಿಣ ಕೊರಿಯದಂತಹ ದೇಶಗಳ ಉಡುಪು ರಫ್ತಿಗೆ ಕೋಟಾ ವಿಧಿಸಿದಾಗ, ಅಲ್ಲಿನ ಡೇವೂ ಸಂಸ್ಥೆಯು ಕೋಟಾ ಇಲ್ಲದ ನೆಲೆಯನ್ನು ಅರಸಿತು. 1978ರಲ್ಲಿ ಬಾಂಗ್ಲಾದೇಶದ ದೇಶ್ ಗಾರ್ಮೆಂಟ್ಸ್ ಸಂಸ್ಥೆಯೊಡನೆ ಒಪ್ಪಂದವಾಯಿತು. 1979ರಲ್ಲಿ ಸುಮಾರು 130 ಮಂದಿ ಬೂಸಾನ್ ನಗರದ ಕಾರ್ಖಾನೆಯಲ್ಲಿ ತರಬೇತಿ ಪಡೆದರು. ಅವರಲ್ಲಿ ಬಹುಪಾಲು ಜನರು ಕ್ರಮೇಣ ಹೊರಬಂದು ಸ್ವಂತ ಉದ್ದಿಮೆ ಸ್ಥಾಪಿಸಿದರು, ಇಲ್ಲವೇ ಇತರ ಹೊಸ ಕಾರ್ಖಾನೆಗಳನ್ನು ಸೇರಿದರು. ಇಲ್ಲಿ ವಿದೇಶದಿಂದ ಬಂದದ್ದು ದೊಡ್ಡ ಬಂಡವಾಳಕ್ಕಿಂತ ಮಿಗಿಲಾಗಿ ಕೌಶಲ ಮತ್ತು ಮಾರುಕಟ್ಟೆಯ ಪರಿಚಯ ಎಂಬುದು ಗಮನಾರ್ಹ.

ಎರಡು ಸೌಲಭ್ಯಗಳು

ಬಂಡವಾಳವಿಲ್ಲದ ಉದ್ಯಮಿಗೆ ಎರಡು ವ್ಯವಸ್ಥೆಗಳು ನೆರವಾದವು. ಮೊದಲನೆಯದು ಬ್ಯಾಕ್ ಟು ಬ್ಯಾಕ್ ಲೆಟರ್ ಆಫ್ ಕ್ರೆಡಿಟ್. ವಿದೇಶಿ ಖರೀದಿದಾರನ ಎಲ್.ಸಿ.ಯ ಆಧಾರದ ಮೇಲೆ ಬ್ಯಾಂಕು ಬಟ್ಟೆ ಪೂರೈಕೆದಾರನ ಹೆಸರಿಗೆ ಮತ್ತೊಂದು ಎಲ್.ಸಿ. ತೆರೆಯುತ್ತದೆ, ರಫ್ತಿನ ಹಣ ಬಂದಾಗ ಬಟ್ಟೆಯ ಬಾಕಿ ತೀರುತ್ತದೆ. ಎರಡನೆಯದು ಬಾಂಡೆಡ್ ಉಗ್ರಾಣ. ರಫ್ತಿನ ಷರತ್ತಿಗೆ ಒಳಪಟ್ಟು ಕಚ್ಚಾವಸ್ತುವನ್ನು ಸುಂಕವಿಲ್ಲದೆ ತರಿಸಿ ಇಡಬಹುದು. 2001ರಿಂದ ಐರೋಪ್ಯ ಒಕ್ಕೂಟವು ಹಿಂದುಳಿದ ರಾಷ್ಟ್ರಗಳಿಗೆ ಸುಂಕರಹಿತ ಪ್ರವೇಶ ನೀಡಿದ್ದೂ ಸಹಕಾರಿಯಾಯಿತು. 2005ರಲ್ಲಿ ಕೋಟಾ ಪದ್ಧತಿ ಕೊನೆಗೊಂಡಾಗ ಉದ್ಯಮ ಕುಸಿಯುವುದೆಂಬ ಭೀತಿಯಿತ್ತು. ಆದರೆ ರಫ್ತು ಬೆಳೆಯಿತು. ಇಂದು ಆ ದೇಶದ ಸರಕು ರಫ್ತಿನಲ್ಲಿ ಐದನೇ ನಾಲ್ಕು ಭಾಗಕ್ಕೂ ಹೆಚ್ಚು ಸಿದ್ಧ ಉಡುಪಿನದೇ. ಬೆಂಗಳೂರಿನ ಉಡುಪು ಕಾರ್ಖಾನೆಗಳಿಗೂ ಅದು ಪ್ರಬಲ ಪ್ರತಿಸ್ಪರ್ಧಿ.

ಖರ್ಚಿನ ಬದಿ

ಜಮೆಯ ಬದಿಯನ್ನಷ್ಟೇ ನೋಡುವುದು ಸಲ್ಲದು. 2013ರ ಏಪ್ರಿಲ್ 24ರಂದು ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನರು ಮೃತಪಟ್ಟರು. ಅಗ್ಗದ ದರದಲ್ಲಿ ಸೇರದಿದ್ದ ಸುರಕ್ಷತೆಯ ವೆಚ್ಚವನ್ನು ಕಾರ್ಮಿಕರು ಪ್ರಾಣದಿಂದ ತೆತ್ತರು. ಅದೇ ವರ್ಷ ವಿದೇಶಿ ಬ್ರಾಂಡುಗಳು ಹಾಗೂ ಕಾರ್ಮಿಕ ಸಂಘಗಳ ನಡುವೆ ಕಟ್ಟಡ ಸುರಕ್ಷತೆಯ ಕುರಿತು ಬದ್ಧ ಒಪ್ಪಂದವಾಯಿತು. ಒಂದೇ ಸರಕನ್ನು ನೆಚ್ಚಿರುವುದೂ ಅಪಾಯವೇ.

ನೆರವಿನ ಸ್ಥಾನ

ಹಾಗೆಂದು ನೆರವು ನಿರರ್ಥಕವಲ್ಲ. 1998ರಲ್ಲಿ ತೆರೆದ ಜಮುನಾ ಸೇತುವೆಗೆ ವಿಶ್ವಬ್ಯಾಂಕ್, ಏಷ್ಯನ್ ಅಭಿವೃದ್ಧಿ ಬ್ಯಾಂಕ್ ಹಾಗೂ ಜಪಾನಿನ ಸಾಲ ದೊರೆತಿತ್ತು. ಖಾಸಗಿ ಬಂಡವಾಳವು ಇಂತಹ ಕಾಮಗಾರಿಗೆ ಸುಲಭವಾಗಿ ಬರುವುದಿಲ್ಲ. ಆದರೆ ನೆರವಿನ ನಿರ್ಧಾರ ನೀಡುವವರ ಕೈಯಲ್ಲಿರುತ್ತದೆ. ಪದ್ಮಾ ಸೇತುವೆಗೆ ಒಪ್ಪಿದ್ದ 120 ಕೋಟಿ ಡಾಲರ್ ಸಾಲವನ್ನು ಭ್ರಷ್ಟಾಚಾರದ ಆರೋಪದ ಮೇಲೆ ವಿಶ್ವಬ್ಯಾಂಕ್ 2012ರಲ್ಲಿ ರದ್ದುಪಡಿಸಿತು. ಸರ್ಕಾರ ಸ್ವಂತ ಸಂಪನ್ಮೂಲದಿಂದ ಮುಂದುವರಿದು, 2022ರ ಜೂನ್‌ನಲ್ಲಿ ಸೇತುವೆಯನ್ನು ತೆರೆಯಿತು. ರಫ್ತು ಹಾಗೂ ಅನಿವಾಸಿಗಳ ದುಡಿಮೆಯಿಂದ ಬಂದ ವಿದೇಶಿ ವಿನಿಮಯವಿಲ್ಲದಿದ್ದರೆ ಇದು ಕಷ್ಟಸಾಧ್ಯವಾಗುತ್ತಿತ್ತು.

ಒಟ್ಟಿನಲ್ಲಿ, ರಸ್ತೆ, ಸೇತುವೆ, ಆರೋಗ್ಯಗಳಿಗೆ ನೆರವು. ಕೌಶಲ ಮತ್ತು ಮಾರುಕಟ್ಟೆಗೆ ವಿದೇಶಿ ಸಹಯೋಗ. ನಿತ್ಯದ ಗಳಿಕೆಗೆ ವ್ಯಾಪಾರ. ಯಾವುದನ್ನು ಯಾವ ಕಾರ್ಯಕ್ಕೆ ಬಳಸಬೇಕೆಂಬ ವಿವೇಕವೇ ಮುಖ್ಯವಾದುದು. ಸಾಲದಿಂದ ನಿರ್ಮಿಸಿದ ಆಸ್ತಿಯು ಗಳಿಕೆಗೆ ದಾರಿ ಮಾಡಿದಾಗ ಮಾತ್ರ ಆ ಸಾಲ ಸಾರ್ಥಕವಾಗುತ್ತದೆ.