ಕೃಷಿ ಹೊಂಡದ ಮೀನಿಗೆ ದಿನಕ್ಕೆ ಎಷ್ಟು ಮೇವು?

ಮುದ್ದೇನಹಳ್ಳಿ ಸುತ್ತಮುತ್ತ ತರಕಾರಿ, ದ್ರಾಕ್ಷಿಗೆ ಅಂತ ತೋಡಿಸಿದ ಕೃಷಿ ಹೊಂಡದಲ್ಲಿ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಸಾಕಬಹುದು. ಮರಿ ಬಿಟ್ಟವರೆಲ್ಲರಿಗೂ ಬರುವ ಅನುಮಾನ ಒಂದೇ: ಮೇವು ಜಾಸ್ತಿ ಹಾಕಿದರೆ ಮೀನು ಬೇಗ ಬೆಳೆಯುತ್ತಲ್ವಾ?

ಒಂದು ಮಟ್ಟದವರೆಗೆ ಹೌದು. ಮೇವು ತೀರಾ ಕಮ್ಮಿಯಾದರೆ ತಿಂದದ್ದೆಲ್ಲ ಜೀವ ಉಳಿಸಿಕೊಳ್ಳೋಕೇ ಖರ್ಚಾಗಿ ತೂಕ ಬರಲ್ಲ. ಹೆಚ್ಚಿಸಿದ ಹಾಗೆ ಬೆಳವಣಿಗೆಯೂ ಏರುತ್ತೆ. ಆದರೆ ಹೊಟ್ಟೆ ತುಂಬೋ ಹೊತ್ತಿಗೆ ಆ ಏರಿಕೆ ನಿಂತುಬಿಡುತ್ತೆ. ಅದರ ಮೇಲೆ ಹಾಕಿದ್ದು ತಳ ಸೇರಿ ಕೊಳೆತು, ನೀರಲ್ಲಿ ಅಮೋನಿಯಾ ಏರಿ ಆಮ್ಲಜನಕ ಇಳಿಯುತ್ತೆ. ಬೆಳಗಿನ ಜಾವ ಮೀನೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಮೊದಲು ಮೋಟಾರ್ ಹಾಕಿ ಹೊಂಡದ ನೀರನ್ನೇ ಮೇಲಿಂದ ಚಿಮ್ಮಿಸಿ. ಅವತ್ತು ಮೇವು ಬೇಡ.

ಹಾಗಾಗಿ ಬಕೆಟ್ ಲೆಕ್ಕ ಬಿಟ್ಟು ತೂಕದ ಲೆಕ್ಕ ಹಿಡಿಯಿರಿ. ಸಣ್ಣ ಮರಿಗೆ ಮೈತೂಕದ ಸುಮಾರು 5%, 100 ಗ್ರಾಂ ಆಸುಪಾಸಿನಲ್ಲಿ 3%, ಅರ್ಧ ಕೆಜಿ ದಾಟಿದ ಮೇಲೆ 2% ಅಥವಾ ಇನ್ನೂ ಕಮ್ಮಿ. ಬೀಸುಬಲೆಯಲ್ಲಿ 20 ಮೀನು ಹಿಡಿದು ತೂಗಿ. ಸರಾಸರಿ 100 ಗ್ರಾಂ, ಹೊಂಡದಲ್ಲಿ 300 ಮೀನು ಅಂದುಕೊಳ್ಳಿ. ಒಟ್ಟು 30 ಕೆಜಿ, 3% ಅಂದರೆ ದಿನಕ್ಕೆ 900 ಗ್ರಾಂ. ಬೆಳಿಗ್ಗೆ ಬಿಸಿಲು ಬಂದ ಮೇಲೆ ಅರ್ಧ, ಸಂಜೆಗೆ ಮುಂಚೆ ಅರ್ಧ. 15 ದಿನಕ್ಕೆ 13.5 ಕೆಜಿ ಮೇವು ಹೋಗುತ್ತೆ. ಮತ್ತೆ ತೂಗಿದಾಗ ಸರಾಸರಿ 130 ಗ್ರಾಂ ಇದ್ದರೆ ಮೀನು 9 ಕೆಜಿ ಕೂಡಿದೆ, ಅಂದರೆ ಕೆಜಿ ಮೀನಿಗೆ ಒಂದೂವರೆ ಕೆಜಿ ಮೇವು. ಈ ಅಂಕಿ ಸಲಸಲಕ್ಕೂ ಏರುತ್ತಿದ್ದರೆ ದುಡ್ಡು ತಳಕ್ಕೆ ಹೋಗ್ತಿದೆ ಅಂತ ಅರ್ಥ. ಮೊಬೈಲಲ್ಲೇ ಬರೆದಿಟ್ಟುಕೊಳ್ಳಿ.

ಪ್ಲಾಸ್ಟಿಕ್ ಹಾಸಿದ ಹೊಂಡದಲ್ಲಿ ಕೆರೆಯ ಹಾಗೆ ಕೆಸರು, ಹುಳಹುಪ್ಪಟೆ ಇರಲ್ಲ, ಮೀನು ಹೆಚ್ಚಾಗಿ ನಿಮ್ಮ ಕೈಯನ್ನೇ ನಂಬಿರುತ್ತೆ. ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಸಮ ಸಮ ಕಲಸಿ ಹಾಕೋದು ಹಳೇ ಪದ್ಧತಿ. ಬೂಷ್ಟು ಹಿಡಿದ ಹಿಂಡಿ ಮಾತ್ರ ಬೇಡವೇ ಬೇಡ. ಶಿಡ್ಲಘಟ್ಟದ ಕಡೆಯವರಿಗೆ ಇನ್ನೊಂದು ಅನುಕೂಲ: ನೂಲು ತೆಗೆದ ಮೇಲೆ ಉಳಿಯೋ ರೇಷ್ಮೆ ಹುಳದಲ್ಲಿ ಪ್ರೋಟೀನ್ ಚೆನ್ನಾಗಿದೆ. ಎಣ್ಣೆಯಂಶವೂ ಜಾಸ್ತಿ, ಬೇಗ ಕಮಟು ಹಿಡಿಯುತ್ತೆ. ಒಣಗಿಸಿ, ಪುಡಿ ಮಾಡಿ, ಹಿಂಡಿಯ ಒಂದು ಪಾಲಿನ ಬದಲಿಗೆ ಬೇಗ ಬಳಸಿ ಮುಗಿಸಿ.

ಮೇವನ್ನು ಬುಟ್ಟಿಯಲ್ಲಿಟ್ಟು ನೀರಿಗೆ ಇಳಿಬಿಡಿ. ಎರಡು ಗಂಟೆ ಬಿಟ್ಟು ಎತ್ತಿದಾಗ ಉಳಿದಿದ್ದರೆ ಮಾರನೇ ದಿನ ಕಮ್ಮಿ ಮಾಡಿ, ಲೆಕ್ಕ ಏನೇ ಹೇಳಲಿ. ನಂದಿ ಬೆಟ್ಟದ ಕಡೆಯಿಂದ ಚಳಿ ಇಳಿಯೋ ಡಿಸೆಂಬರ್, ಜನವರಿಯಲ್ಲಿ ಮೀನು ಸರಿಯಾಗಿ ತಿನ್ನಲ್ಲ. ಆಗ 3% ಇದ್ದದ್ದನ್ನು ಅರ್ಧಕ್ಕೆ ಇಳಿಸಿದರೂ ನಷ್ಟ ಇಲ್ಲ.